ಲೇಶ್ಯೆ ಮತ್ತು ರಸ: ಬಿಳುಪಿನ ಎರಡು ಅರ್ಥಗಳು

ಭರತನ ನಾಟ್ಯಶಾಸ್ತ್ರವು ಎಂಟು ರಸಗಳಿಗೂ ಒಂದೊಂದು ವರ್ಣವನ್ನು ವಿಧಿಸುತ್ತದೆ: ಶೃಂಗಾರಕ್ಕೆ ಶ್ಯಾಮ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು, ಹಾಸ್ಯಕ್ಕೆ ಬಿಳುಪು. ಜೈನ ಸಿದ್ಧಾಂತದಲ್ಲಿ, ಕಷಾಯದಿಂದ ರಂಜಿತವಾದ ಮನ-ವಚನ-ಕಾಯಗಳ ಪ್ರವೃತ್ತಿಯೇ ಲೇಶ್ಯೆ. ಚಾವುಂಡರಾಯನ ಸಮಕಾಲೀನರಾದ, 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಗೊಮ್ಮಟಸಾರವು ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲವೆಂದು ಆರು ಲೇಶ್ಯೆಗಳನ್ನು ವಿವರಿಸುತ್ತದೆ. ಮೊದಲ ಮೂರು ಅಶುಭ, ಉಳಿದವು ಶುಭ. ಹಣ್ಣಿಗಾಗಿ ಮರವನ್ನೇ ಬುಡಸಮೇತ ಕಡಿಯಬಯಸುವವನದು ಕೃಷ್ಣಲೇಶ್ಯೆ. ಉದುರಿದ ಹಣ್ಣಿನಲ್ಲೇ ತೃಪ್ತನಾಗುವವನದು ಶುಕ್ಲಲೇಶ್ಯೆ.

ಕಪ್ಪಿನಲ್ಲಿ ಎರಡು ಶಾಸ್ತ್ರಗಳೂ ಸಮೀಪ ಬರುತ್ತವೆ. ಬಿಳುಪಿನಲ್ಲಿ ದೂರ ಸರಿಯುತ್ತವೆ. ರಂಗದಲ್ಲಿ ನಗೆಯಾದ ಬಿಳುಪು ಇಲ್ಲಿ ರಾಗದ್ವೇಷಗಳ ಶಮನ. ಅಲ್ಲಿ ವರ್ಣ ರಸದ ಗುರುತು, ಇಲ್ಲಿ ಜೀವಪರಿಣಾಮದ ಅಳತೆ. ಲೌಕಿಕ, ಆಗಮಿಕಗಳೆರಡನ್ನೂ ಬರೆದ ಪಂಪನಂತಹ ಕವಿಯಲ್ಲಿ ಬಿಳುಪಿನ ವರ್ಣನೆ ಎದುರಾದಾಗ, ಅದು ಯಾವ ಶಾಸ್ತ್ರದ ಬಿಳುಪೆಂದು ಓದುಗನು ಮೊದಲು ಕೇಳಿಕೊಳ್ಳಬೇಕಾಗುತ್ತದೆ.