ಗಜನಿ ಭೂಮಿಯ ಒಡ್ಡು ರಕ್ಷಣೆಯಲ್ಲಿ ಕಾಂಡ್ಲಾ ವನಗಳ ಪಾತ್ರ

ಉತ್ತರ ಕನ್ನಡ ಜಿಲ್ಲೆಯ ಅಳಿವೆಗಳ ಅಂಚಿನಲ್ಲಿ, ಉಬ್ಬರದ ನೀರಿನ ಮಟ್ಟಕ್ಕಿಂತ ತಗ್ಗಾಗಿರುವ ಬೇಸಾಯದ ಭೂಮಿಯನ್ನು ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ಕಗ್ಗ ಭತ್ತ, ಕೊಯ್ಲಿನ ನಂತರ ಸಿಗಡಿ ಹಾಗೂ ಮೀನು ಇಲ್ಲಿನ ಸಾಂಪ್ರದಾಯಿಕ ಪದ್ಧತಿ. ಈ ಎರಡೂ ಆದಾಯಗಳು ಒಂದೇ ಒಡ್ಡನ್ನು ಅವಲಂಬಿಸಿವೆ. ಬಿತ್ತನೆಯ ನಂತರ ಮಳೆ ಬಿಡುವು ಕೊಟ್ಟಾಗ ಒಡ್ಡು ಒಡೆದರೆ, ನುಗ್ಗುವ ಉಪ್ಪುನೀರು ಇಡೀ ಬಯಲಿನ ಬೆಳೆಯನ್ನು ಹಾಳುಮಾಡಬಲ್ಲದು. ಆದ್ದರಿಂದ ಒಡ್ಡಿನ ಮುಂದಿರುವ ಕಾಂಡ್ಲಾ ಗಿಡಗಳನ್ನು ಬೇಸಾಯದ ಅಂಗವೆಂದೇ ಪರಿಗಣಿಸಬೇಕು.

ಕಾಂಡ್ಲಾ ರಕ್ಷಿಸುವ ಬಗೆ

ಕಾಂಡ್ಲಾದ ಊರುಗೋಲಿನಂತಹ ಬೇರುಗಳು ಅಲೆಯ ವೇಗವನ್ನು ತಗ್ಗಿಸುತ್ತವೆ. ವೇಗ ತಗ್ಗಿದಾಗ ಹೂಳು ಬೇರುಗಳ ನಡುವೆ ನಿಂತು ಒಡ್ಡಿನ ಬುಡ ಕೊರೆಯುವುದು ಕಡಿಮೆಯಾಗುತ್ತದೆ. ಸಿಗಡಿ ಮತ್ತು ಮೀನಿನ ಮರಿಗಳಿಗೂ ಇದೇ ಆಸರೆ.

ನಾಟಿ ಕ್ರಮ

• ಮರದಲ್ಲಿಯೇ ಮೊಳೆತು ಜೋಲುವ, ಬಲಿತ ಕಾಂಡ್ಲಾ ಕೋಡುಗಳನ್ನು ಮಳೆಗಾಲದಲ್ಲಿ ಸಂಗ್ರಹಿಸಿರಿ.
• ಇಳಿತದ ವೇಳೆ, ಕೋಡಿನ ಮೂರನೆಯ ಒಂದು ಭಾಗ ಕೆಸರಿನಲ್ಲಿರುವಂತೆ 1 ರಿಂದ 1.5 ಮೀಟರ್ ಅಂತರದಲ್ಲಿ ಊರಿರಿ.
• ಒಡ್ಡಿನ ಮೇಲೆ ನೆಡಬೇಡಿ. ಬೇರುಗಳ ಸಂದಿನಲ್ಲಿ ಏಡಿ ಬಿಲಗಳು ಕಾಣದೆ ಉಳಿದು ಸೋರಿಕೆಗೆ ದಾರಿಯಾಗುತ್ತವೆ.
• ತೂಬಿನ ಕಾಲುವೆಯನ್ನೂ, ಬಳಚು ಹೆಕ್ಕುವ ತಾಣಗಳನ್ನೂ ಬಿಟ್ಟು ನೆಡಿರಿ.
• ನಾಟಿಗೆ ಮುನ್ನ ಅರಣ್ಯ ಇಲಾಖೆಯ ಮಾರ್ಗದರ್ಶನ ಪಡೆಯಿರಿ.

ತೂಬಿನ ನಿರ್ವಹಣೆ

ಮಳೆಗಾಲದಲ್ಲಿ ಇಳಿತದ ವೇಳೆ ತೂಬು ತೆರೆದು, ಉಬ್ಬರದ ವೇಳೆ ಮುಚ್ಚಬೇಕು. ಹೀಗೆ ಮಳೆನೀರು ಮಣ್ಣಿನ ಲವಣವನ್ನು ತೊಳೆದೊಯ್ಯುತ್ತದೆ. ಸಿಗಡಿಗಾಗಿ ಮಳೆಗಾಲದಲ್ಲೂ ಉಪ್ಪುನೀರನ್ನು ನಿಲ್ಲಿಸಿದರೆ ಲವಣ ಉಳಿದು ಭತ್ತ ಕುಂಠಿತಗೊಳ್ಳುತ್ತದೆ. ಸಾಮಾನ್ಯ ಭತ್ತದಲ್ಲಿ ಮಣ್ಣಿನ ಸಂತೃಪ್ತ ಸಾರದ ವಿದ್ಯುತ್ ವಾಹಕತೆ ಮೀಟರಿಗೆ 3 ಡೆಸಿಸೀಮನ್ಸ್ ಮೀರಿದೊಡನೆ ಇಳುವರಿ ಕುಸಿಯತೊಡಗುತ್ತದೆ. ಕಗ್ಗ ಇದಕ್ಕಿಂತ ಹೆಚ್ಚು ಸಹಿಷ್ಣು. ಆದರೂ ಸಸಿ ಮತ್ತು ಹೂ ಬಿಡುವ ಹಂತಗಳಲ್ಲಿ ಭತ್ತವು ಲವಣಕ್ಕೆ ಸೂಕ್ಷ್ಮವಾಗಿರುತ್ತದೆ. ಬಿತ್ತನೆಗೆ ಮುನ್ನ ಮಣ್ಣು ಪರೀಕ್ಷೆ ಮಾಡಿಸಿರಿ. ಒಂದು ತೂಬು ಹಲವರ ಗದ್ದೆಗೆ ಸಂಬಂಧಿಸಿದ್ದರಿಂದ, ಗುತ್ತಿಗೆ ನೀಡುವಾಗ ಸಿಗಡಿ ಅವಧಿಯ ಕೊನೆಯ ದಿನವನ್ನು ಎಲ್ಲರೂ ಸೇರಿ ನಿಗದಿಪಡಿಸಬೇಕು.

ಗಮನಿಸಿ

2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಂತೆ ಕಾಂಡ್ಲಾ ವನಗಳು ಅತಿ ಸೂಕ್ಷ್ಮ ವಲಯಕ್ಕೆ ಸೇರಿವೆ. ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ತಾಣವಾಗಿ ಘೋಷಿತವಾಗಿದೆ. ಸೌದೆಗಾಗಲಿ ಮೇವಿಗಾಗಲಿ ಕಾಂಡ್ಲಾ ಕಡಿಯದಿರಿ. ಕಡಿದ ಜಾಗದಲ್ಲಿ ಮುಂದಿನ ಮಳೆಗಾಲದ ಅಲೆಗಳು ನೇರವಾಗಿ ಒಡ್ಡಿಗೇ ಬಡಿಯುತ್ತವೆ.