ಶಿಶುಗಳ ಮಿದುಳಿನ ಸೋಂಕು ಮತ್ತು ಶ್ರವಣಾತೀತ ಧ್ವನಿ: ಒಂದು ಐತಿಹಾಸಿಕ ಅವಲೋಕನ

ನವಜಾತ ಶಿಶುವಿಗೆ ಮಿದುಳುಪೊರೆಯ ಉರಿಯೂತವುಂಟಾದಾಗ ಲಕ್ಷಣಗಳು ಬಹುಮಟ್ಟಿಗೆ ಅಸ್ಪಷ್ಟವಾಗಿರುತ್ತವೆ. ಮಗು ಹಾಲು ಕುಡಿಯದಿರುವುದು, ಮೈ ಕಾಯುವುದು ಅಥವಾ ತಣ್ಣಗಾಗುವುದು, ಮಂಕಾಗುವುದು, ಇಷ್ಟರಿಂದಲೇ ವೈದ್ಯರು ತಲೆಯೊಳಗಿನ ಸ್ಥಿತಿಯನ್ನು ಊಹಿಸಬೇಕಾಗಿದ್ದ ಕಾಲವೊಂದಿತ್ತು. ಅಲ್ಟ್ರಾಸೌಂಡ್ ಎಂದು ಪ್ರಸಿದ್ಧವಾದ ಶ್ರವಣಾತೀತ ಧ್ವನಿಯ ಪರೀಕ್ಷೆಯು ಈ ಕೊರತೆಯನ್ನು ಎಷ್ಟರಮಟ್ಟಿಗೆ ನೀಗಿದೆಯೆಂಬುದನ್ನು ಅರಿಯಲು, ಅದರ ಆರಂಭಕಾಲದ ಸೋಲೊಂದನ್ನು ಮೊದಲು ನೋಡುವುದು ಉಚಿತ.

ಆಸ್ಟ್ರಿಯದ ನರರೋಗತಜ್ಞ ಕಾರ್ಲ್ ಡುಸ್ಸಿಕ್ ಅವರು ತಲೆಯ ಒಂದು ಪಾರ್ಶ್ವದಿಂದ ಧ್ವನಿಯನ್ನು ಹಾಯಿಸಿ, ಮತ್ತೊಂದು ಪಾರ್ಶ್ವದಲ್ಲಿ ಅದನ್ನು ಗ್ರಹಿಸಿ, ಮಿದುಳಿನೊಳಗಿನ ದ್ರವಭರಿತ ಕುಹರಗಳ ಚಿತ್ರ ದೊರೆಯಿತೆಂದು 1942ರಲ್ಲಿ ಪ್ರಕಟಿಸಿದರು. ಆದರೆ 1952ರಲ್ಲಿ ಜರ್ಮನಿಯ ಗ್ಯೂಟ್ನರ್ ಮತ್ತು ಅವರ ಸಂಗಡಿಗರು, ಆ ಛಾಯೆಗಳಿಗೆ ತಲೆಬುರುಡೆಯೇ ಕಾರಣವೆಂದು ತೋರಿಸಿಕೊಟ್ಟರು. ಧ್ವನಿಯನ್ನು ಹೀರಿ ಚದರಿಸುವ ಎಲುಬು, ಮಿದುಳಿನ ಚಿತ್ರವೆಂಬ ಭ್ರಮೆಯನ್ನು ಹುಟ್ಟಿಸಿತ್ತು.

ಈ ನಡುವೆ ಪ್ರತಿಧ್ವನಿಯ ಮಾರ್ಗವು ತೆರೆಯಿತು. 1953ರ ಕೊನೆಯಲ್ಲಿ ಸ್ವೀಡನ್ನಿನ ಲುಂಡ್ ನಗರದ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್ ಅವರು, ಲೋಹದ ಬಿರುಕುಗಳನ್ನು ಪತ್ತೆಹಚ್ಚುವ ಯಂತ್ರದಿಂದ, ತಲೆಗೆ ಪೆಟ್ಟಾದ 16 ತಿಂಗಳ ಮಗುವೊಂದರ ಮಿದುಳಿನ ನಡುಗೆರೆಯು ಪಕ್ಕಕ್ಕೆ ಸರಿದಿರುವುದನ್ನು ಗುರುತಿಸಿದರು. ಆದರೂ ಅದು ಒಂದು ಗೆರೆಯ ಸುಳಿವೇ ಹೊರತು ಚಿತ್ರವಾಗಿರಲಿಲ್ಲ.

ಶಿಶುವಿನ ನೆತ್ತಿಯಲ್ಲಿ ಎಲುಬುಗಳು ಇನ್ನೂ ಕೂಡಿಕೊಳ್ಳದ ಮೆತ್ತನೆಯ ಜಾಗವಿರುವುದನ್ನು ಎಣ್ಣೆಯೊತ್ತುವ ತಾಯಂದಿರೆಲ್ಲರೂ ಬಲ್ಲರು. ಸಾಮಾನ್ಯವಾಗಿ ಎರಡು ವರ್ಷ ತುಂಬುವುದರೊಳಗೆ ಮುಚ್ಚಿಕೊಳ್ಳುವ ಈ ಕಿಂಡಿಯ ಮೂಲಕ ಧ್ವನಿಯು ತಡೆಯಿಲ್ಲದೆ ಒಳಹೋಗಬಲ್ಲುದು. 1979ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯರು, ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಮಿದುಳಿನ ರಕ್ತಸ್ರಾವವನ್ನು ಶ್ರವಣಾತೀತ ಧ್ವನಿಯಿಂದ ಗುರುತಿಸಿದ ವರದಿಯನ್ನು ಪ್ರಕಟಿಸಿದರು. ಮುಂದಿನ ವರ್ಷಗಳಲ್ಲಿ ನೆತ್ತಿಯ ಕಿಂಡಿಯೇ ಈ ಪರೀಕ್ಷೆಯ ರಾಜಮಾರ್ಗವಾಯಿತು. ರಕ್ತಸ್ರಾವಕ್ಕಾಗಿ ಬೆಳೆದ ಈ ವಿಧಾನವು ಸೋಂಕಿನ ಪರೀಕ್ಷೆಗೂ ಒದಗಿಬಂದಿತು. ಯಂತ್ರವನ್ನು ಮಗುವಿನ ಹಾಸಿಗೆಯ ಬಳಿಗೇ ತರಬಹುದು, ಕ್ಷಕಿರಣದ ಭಯವಿಲ್ಲ, ಬೇಕಾದಷ್ಟು ಸಲ ಪರೀಕ್ಷಿಸಬಹುದು.

ಸೋಂಕು ತಗುಲಿದ ಮಿದುಳಿನಲ್ಲಿ ಮಡಿಕೆಗಳ ನಡುವಣ ಸಂದುಗಳು ದಪ್ಪವಾಗಿ ಬೆಳ್ಳಗೆ ಕಾಣಬಹುದು. ಸೋಂಕು ಕುಹರಗಳಿಗೆ ಹಬ್ಬಿದರೆ ಅವುಗಳ ಒಳಪೊರೆ ದಪ್ಪವಾಗಿ, ದ್ರವದಲ್ಲಿ ಎಳೆಗಳೂ ಕಶ್ಮಲವೂ ತೇಲುತ್ತವೆ. ಕುಹರಗಳು ಹಿಗ್ಗುವುದು, ಕೀವು ಗಡ್ಡೆಗಟ್ಟುವುದು, ಪೊರೆಯಡಿಯಲ್ಲಿ ದ್ರವ ಶೇಖರವಾಗುವುದು ಮೊದಲಾದ ತೊಡಕುಗಳನ್ನು ಪುನಃಪರೀಕ್ಷೆಯಿಂದ ಅನುಸರಿಸಬಹುದು. ಗರ್ಭದಲ್ಲಿಯೇ ಸೈಟೊಮೆಗಲೋ ವೈರಾಣು ತಗುಲಿದ ಶಿಶುಗಳಲ್ಲಿ ಕುಹರಗಳ ಸುತ್ತ ಸುಣ್ಣದ ಕಣಗಳು ಕಾಣಬಹುದು. 2015ರಲ್ಲಿ ಬ್ರೆಜಿಲಿನಲ್ಲಿ ಜೀಕಾ ಸೋಂಕು ಹಬ್ಬಿದಾಗಲೂ ಈ ಬಗೆಯ ಪರೀಕ್ಷೆ ಉಪಯೋಗಕ್ಕೆ ಬಂದಿತು.

ಆದರೆ ಚಿತ್ರವು ನಿರ್ದೋಷವಾಗಿ ತೋರಿದ ಮಾತ್ರಕ್ಕೆ ಉರಿಯೂತವಿಲ್ಲವೆಂದು ಹೇಳಲಾಗದು. ಅದನ್ನು ನಿರ್ಣಯಿಸಲು ಬೆನ್ನಿನಿಂದ ತೆಗೆದ ದ್ರವದ ಪರೀಕ್ಷೆಯೇ ಮುಖ್ಯ ಆಧಾರ. ಚಿತ್ರದಲ್ಲಿ ಬೆಳ್ಳಗೆ ತೋರುವ ಭಾಗವು ಸೋಂಕಿನದಾಗಿರಬಹುದು, ರಕ್ತಸ್ರಾವದ್ದಾಗಿರಬಹುದು, ರಕ್ತದ ಕೊರತೆಯದೂ ಆಗಿರಬಹುದು. ಕಂಡ ಛಾಯೆ ಯಾವುದರದೆಂದು ವಿಚಾರಿಸದೆ ನಂಬಬಾರದೆಂಬ 1952ರ ಪಾಠವು, ಯಂತ್ರಗಳು ಇಷ್ಟು ಸುಧಾರಿಸಿದ ಮೇಲೂ ಹಳತಾಗಿಲ್ಲ.