ರೋಮನರ ಬೆಳ್ಳಿಯ ನಾಣ್ಯಗಳು

ಕ್ರಿ. ಶ. ೧೮೯೧ರಲ್ಲಿ ಬೆಂಗಳೂರಿಗೆ ಸೇರಿದಂತಿರುವ ಯಶವಂತಪುರದಲ್ಲಿ ನೆಲದೊಳಗಿಂದ ೧೬೩ ಬೆಳ್ಳಿಯ ನಾಣ್ಯಗಳು ಹೊರಬಿದ್ದುವು. ಅವುಗಳ ಮೇಲಿದ್ದ ಮುಖಗಳು ನಮ್ಮ ನಾಡನ್ನಾಳಿದ ಯಾವ ಅರಸರವೂ ಅಲ್ಲ. ಸಮುದ್ರದಾಚೆಯ ರೋಮನ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಯಾಲಿಗುಲ, ಕ್ಲಾಡಿಯಸ್ ಇವರವು. ೧೯೬೫ರಲ್ಲಿ ಬೆಂಗಳೂರಿನ ಇನ್ನೊಂದು ಮಗ್ಗುಲಲ್ಲಿ, ವಿಮಾನ ಕಾರ್ಖಾನೆಯ ನಿಲ್ದಾಣದ ಬಳಿ, ಇಂತಹವೇ ೨೫೬ ನಾಣ್ಯಗಳು ದೊರೆತುವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗಲೂ ಶಾತವಾಹನರ ಕಾಲದ ಪದರಗಳ ಜೊತೆಯಲ್ಲಿ ಟೈಬೀರಿಯಸನ ನಾಣ್ಯ ಕಾಣಿಸಿಕೊಂಡಿತು. ಇವನ್ನು ಇಲ್ಲಿ ಕೂಡಿಟ್ಟವರು ಯಾರು? ಆರಿಸಿಕೊಂಡು ಕೂಡಿಟ್ಟರೆ, ಅಥವಾ ಕೈಗೆ ಬಂದುದನ್ನೆಲ್ಲ ಮಣ್ಣಿನಲ್ಲಿ ಹೂತರೆ? ರೋಮನರ ಬೆಳ್ಳಿಯ ನಾಣ್ಯಗಳಲ್ಲಿ ಉತ್ತಮವಾದುದನ್ನು ಸಂಗ್ರಹಿಸಬೇಕೆಂಬ ಹವ್ಯಾಸವುಳ್ಳವರು ಈ ಪ್ರಶ್ನೆಯಿಂದಲೇ ಹೊರಡುವುದು ಮೇಲು.

ನಾಣ್ಯಸಂಗ್ರಹವೆಂದರೆ ಕೈಯಲ್ಲಿ ಹಣವೂ ಹೊತ್ತೂ ಮಿಕ್ಕವರ ವಿನೋದವೆಂದು ಹಲವರ ಎಣಿಕೆ. ವಿನೋದವೇ ಆದರೂ ಇದು ಬಹಳ ಹಳೆಯ ವಿನೋದ. ಆಗಸ್ಟಸ್ ಚಕ್ರವರ್ತಿಯೇ ಹಬ್ಬದ ದಿನಗಳಲ್ಲಿ ಪುರಾತನ ರಾಜರ ಮತ್ತು ಪರದೇಶಗಳ ನಾಣ್ಯಗಳನ್ನು ಉಡುಗೊರೆಯಾಗಿ ಕೊಡುತ್ತಿದ್ದನೆಂದು ಅವನ ಚರಿತ್ರೆಯನ್ನು ಬರೆದ ಸ್ಯೂಟೋನಿಯಸ್ ತಿಳಿಸುತ್ತಾನೆ. ಇಟಲಿಯ ಕವಿ ಪೆಟ್ರಾರ್ಕನು ೧೩೫೪ರಲ್ಲಿ ನಾಲ್ಕನೆಯ ಚಾರ್ಲ್ಸ್ ಚಕ್ರವರ್ತಿಯನ್ನು ಕಂಡಾಗ, ಹಳೆಯ ರೋಮನ್ ಚಕ್ರವರ್ತಿಗಳ ಮುಖಗಳುಳ್ಳ ಚಿನ್ನ ಬೆಳ್ಳಿಯ ಕೆಲವು ನಾಣ್ಯಗಳನ್ನು ಕಾಣಿಕೆಯಾಗಿ ಇತ್ತು, ಇವರ ಸ್ಥಾನದಲ್ಲಿ ಕುಳಿತವನು ಇವರಿಗೆ ತಕ್ಕವನಾಗಬೇಕೆಂದು ಬುದ್ಧಿ ಹೇಳಿದನು. ಆದರೆ ಒಳ್ಳೆಯ ನಾಣ್ಯವನ್ನೇ ಕೂಡಿಸುತ್ತೇನೆನ್ನುವವನು ಒಳ್ಳೆಯದೆಂದರೆ ಏನೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ನನಗೆ ತೋರುವಂತೆ ನಾಣ್ಯದ ಒಳ್ಳೆಯತನ ಮೂರು ಬಗೆ. ಒಂದು ಲೋಹದ್ದು, ಇನ್ನೊಂದು ಅಚ್ಚಿನದು, ಮತ್ತೊಂದು ಅದು ಸಿಕ್ಕಿದ ನೆಲೆಯ ಅರಿವಿನದು. ಮೊದಲೆರಡಕ್ಕೆ ಬೆಲೆ ಕಟ್ಟುವವರು ಬಹಳ ಮಂದಿ. ಮೂರನೆಯದು ಕಣ್ಣಿಗೆ ಕಾಣದು; ಕಳೆದುಹೋದರೆ ಯಾರಿಗೂ ಗೊತ್ತಾಗುವುದೂ ಇಲ್ಲ.

ಈ ನಾಣ್ಯದ ಹೆಸರು ದಿನಾರಿಯಸ್. ಹ್ಯಾನಿಬಲನೊಡನೆ ಹೋರಾಡುತ್ತಿದ್ದ ಕಷ್ಟಕಾಲದಲ್ಲಿ, ಸುಮಾರು ಕ್ರಿ. ಪೂ. ೨೧೧ರಲ್ಲಿ, ರೋಮನರು ಇದನ್ನು ಮೊದಲು ಹೊರಡಿಸಿದರು. ನಮ್ಮ ಶಾಸನಗಳಲ್ಲಿಯೂ ಸಂಸ್ಕೃತ ಗ್ರಂಥಗಳಲ್ಲಿಯೂ ಬರುವ ದೀನಾರವೆಂಬ ಮಾತು ಇದರಿಂದಲೇ ಬಂದುದು. ಆದರೆ ಇಲ್ಲಿ ಅದು ಚಿನ್ನದ ನಾಣ್ಯದ ಹೆಸರಾಯಿತು. ಗಾತ್ರದಲ್ಲಿ ಇದು ಹಳೆಯ ಬೆಳ್ಳಿಯ ಪಾವಲಿಯಷ್ಟು ಅಗಲ, ಅದಕ್ಕಿಂತ ಸ್ವಲ್ಪ ದಪ್ಪ. ಆಗಸ್ಟಸನ ಕಾಲದಲ್ಲಿ ಒಂದು ರೋಮನ್ ಪೌಂಡು ಬೆಳ್ಳಿಗೆ ೮೪ ನಾಣ್ಯಗಳಂತೆ ಮುದ್ರಿಸುತ್ತಿದ್ದರು. ಆ ಲೆಕ್ಕದಲ್ಲಿ ಒಂದರ ತೂಕ ನಮ್ಮ ತೊಲದ ಮೂರನೆಯ ಒಂದು ಪಾಲು. ಬೆಳ್ಳಿಯಾದರೋ ನೂರಕ್ಕೆ ತೊಂಬತ್ತೇಳರ ಮೇಲೆ ಶುದ್ಧ.

ಈ ಶುದ್ಧಿಯ ಕೀರ್ತಿ ಎಷ್ಟು ದೂರ ಹಬ್ಬಿತ್ತೆಂಬುದಕ್ಕೆ ಪ್ಲಿನಿಯು ಒಂದು ಕಥೆಯನ್ನು ಹೇಳುತ್ತಾನೆ. ಕ್ಲಾಡಿಯಸನ ಕಾಲದಲ್ಲಿ ಆನಿಯಸ್ ಪ್ಲೊಕಾಮಸ್ ಎಂಬವನ ಸೇವಕನೊಬ್ಬನು ಅರೇಬಿಯದ ಬಳಿ ಗಾಳಿಗೆ ಸಿಕ್ಕಿ, ಸಿಂಹಳದ್ವೀಪವನ್ನು ಮುಟ್ಟಿದನು. ಅಲ್ಲಿಯ ರಾಜನು ಅವನ ಬಳಿಯಲ್ಲಿದ್ದ ನಾಣ್ಯಗಳನ್ನು ನೋಡಿದನು. ಮುಖಗಳು ಬೇರೆ ಬೇರೆ, ಆದುದರಿಂದ ಅವು ಬೇರೆ ಬೇರೆ ಪ್ರಭುಗಳ ಕಾಲದವು. ಆದರೂ ತೂಕ ಎಲ್ಲಕ್ಕೂ ಒಂದೇ. ಇಂತಹ ಜನ ನಂಬಿಕೆಗೆ ಅರ್ಹರೆಂದು ಮೆಚ್ಚಿ ರಾಜನು ರೋಮಿಗೆ ರಾಯಭಾರಿಗಳನ್ನು ಕಳುಹಿಸಿದನಂತೆ. ಕಥೆಯಲ್ಲಿ ಬಣ್ಣ ಎಷ್ಟೇ ಇರಲಿ, ನಾಣ್ಯವನ್ನು ತೂಗಿ ರಾಜ್ಯದ ಯೋಗ್ಯತೆಯನ್ನು ಅಳೆಯಬಹುದೆಂಬ ಮಾತು ಸುಳ್ಳಲ್ಲ.

ಆ ಯೋಗ್ಯತೆ ಬಹುಕಾಲ ನಿಲ್ಲಲಿಲ್ಲ. ಕ್ರಿ. ಶ. ೬೪ರಲ್ಲಿ ನೀರೋ ಚಕ್ರವರ್ತಿಯು ಒಂದು ಪೌಂಡಿಗೆ ೯೬ ನಾಣ್ಯಗಳಂತೆ ತೂಕವನ್ನು ಇಳಿಸಿದನು. ಜೊತೆಗೆ ತಾಮ್ರವನ್ನು ಬೆರೆಸಿ, ಬೆಳ್ಳಿಯನ್ನು ನೂರಕ್ಕೆ ಸುಮಾರು ಎಂಬತ್ತಕ್ಕೆ ತಂದನು. ಆಮೇಲೆ ಕೆಲವು ಅರಸರು ಅದನ್ನು ಮೇಲೆತ್ತಲು ಯತ್ನಿಸಿದರು. ಹಲವರು ಇನ್ನೂ ಕೆಳಕ್ಕೆ ತಳ್ಳಿದರು. ಎರಡನೆಯ ಶತಮಾನದ ಕೊನೆಯಲ್ಲಿ, ಸೆಪ್ಟಿಮಿಯಸ್ ಸೆವೆರಸನ ಆಳಿಕೆಯಲ್ಲಿ, ನಾಣ್ಯದಲ್ಲಿ ಬೆಳ್ಳಿಯಿದ್ದುದು ಸುಮಾರು ಅರ್ಧ. ೨೧೫ರಲ್ಲಿ ಕ್ಯಾರಕಲನು ಎರಡು ದಿನಾರಿಯಸ್ಸಿನ ಬೆಲೆಯದೆನ್ನಲಾದ ಹೊಸ ನಾಣ್ಯವನ್ನು ತಂದನು. ತೂಕದಲ್ಲಿ ಅದು ಒಂದೂವರೆಗೆ ಮೀರಿದುದಲ್ಲ. ಇನ್ನು ಸುಮಾರು ಐವತ್ತು ವರ್ಷ ಕಳೆಯುವುದರೊಳಗೆ, ಗ್ಯಾಲಿಯೆನಸನ ಕಡೆಗಾಲದಲ್ಲಿ, ಬೆಳ್ಳಿಯ ನಾಣ್ಯವೆನಿಸಿಕೊಂಡುದರಲ್ಲಿ ನೂರಕ್ಕೆ ಐದು ಪಾಲು ಬೆಳ್ಳಿಯೂ ಉಳಿದಿರಲಿಲ್ಲ. ದಂಡಿಗೆ ಸಂಬಳ ಹೆಚ್ಚಬೇಕು, ಬೊಕ್ಕಸದಲ್ಲಿ ಬೆಳ್ಳಿಯಿಲ್ಲ; ಎರಡರ ನಡುವೆ ಸಿಕ್ಕಿಬಿದ್ದುದು ನಾಣ್ಯ.

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬೆರಕೆಯ ಬಿಲ್ಲೆಯನ್ನು ಅಚ್ಚಿಗೆ ಹಾಕುವ ಮೊದಲು ಟಂಕಸಾಲೆಯವರು ಕಾಯಿಸಿ ಹುಳಿಯಲ್ಲಿ ಅದ್ದುತ್ತಿದ್ದರು. ಮೇಲಿನ ತಾಮ್ರ ಕರಗಿ ಹೋಗಿ, ಹೊರಮೈಯಲ್ಲಿ ಬೆಳ್ಳಿ ಮಾತ್ರ ನಿಲ್ಲುತ್ತಿತ್ತು. ಈ ಕಾರಣದಿಂದ ಮೇಲ್ಮೈಯನ್ನಷ್ಟೇ ಪರೀಕ್ಷಿಸಿದ ವಿದ್ವಾಂಸರು ಕೂಡ ಬಹುಕಾಲ ಮೋಸಹೋದರು. ಈಚೆಗೆ ನಾಣ್ಯದ ಒಳಗಿಂದ ಸೂಕ್ಷ್ಮವಾದ ಚೂರನ್ನು ಕೊರೆದು ತೆಗೆದು ಪರಿಶೀಲಿಸಿದ ಬಳಿಕವೇ ನೀರೋವಿನ ಕಾಲದ ಇಳಿತ ಎಷ್ಟು ಆಳವಾದುದೆಂಬುದು ತಿಳಿದುಬಂದಿತು.

ನಮ್ಮ ದೇಶದ ವರ್ತಕರು ಮಾತ್ರ ಇದನ್ನು ಆಗಲೇ ಬಲ್ಲವರಾಗಿದ್ದಂತೆ ಕಾಣುತ್ತದೆ. ಯಶವಂತಪುರದಲ್ಲಿ ಸಿಕ್ಕಿದವರ ಹೆಸರುಗಳನ್ನು ಮತ್ತೊಮ್ಮೆ ನೆನೆಯಿರಿ: ಕ್ಲಾಡಿಯಸನಿಂದ ಮುಂದೆ ಯಾರೂ ಇಲ್ಲ. ದಕ್ಷಿಣ ಭಾರತದಲ್ಲಿ ದೊರೆತಿರುವ ರೋಮನ್ ಬೆಳ್ಳಿಯಲ್ಲಿ ಅತಿ ದೊಡ್ಡ ಪಾಲು ಆಗಸ್ಟಸ್ ಮತ್ತು ಟೈಬೀರಿಯಸರದು. ಅದರಲ್ಲಿಯೂ ಎರಡೇ ಎರಡು ಮಾದರಿಗಳು. ಒಂದರಲ್ಲಿ ಆಗಸ್ಟಸನ ಮೊಮ್ಮಕ್ಕಳಾದ ಗೇಯಸ್ ಮತ್ತು ಲೂಸಿಯಸರು ಗುರಾಣಿ ಭರ್ಜಿಗಳನ್ನು ನಡುವೆ ಇಟ್ಟುಕೊಂಡು ನಿಂತಿದ್ದಾರೆ. ಇನ್ನೊಂದರಲ್ಲಿ ಟೈಬೀರಿಯಸನ ಮುಖದ ಹಿಂಬದಿಗೆ ಒಬ್ಬ ಸ್ತ್ರೀ ಪೀಠದ ಮೇಲೆ ಕುಳಿತಿದ್ದಾಳೆ. ಈ ಎರಡು ಮಾದರಿಗಳನ್ನು ಅನುಕರಿಸಿ ನಮ್ಮ ದೇಶದಲ್ಲಿಯೇ ಅಚ್ಚುಹಾಕಿದ ನಾಣ್ಯಗಳೂ ಇವೆ. ನೀರೋ ತೂಕ ತಗ್ಗಿಸಿದ ಮೇಲಣ ಬೆಳ್ಳಿ ಇಲ್ಲಿ ದೊರೆಯುವುದು ಬಹಳ ವಿರಳ. ಹಳೆಯ ನಾಣ್ಯ ಶುದ್ಧವೆಂದು ನಮ್ಮವರು ಅದನ್ನೇ ಕೇಳಿ ಪಡೆದರೆಂದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಜರ್ಮನಿಯ ಗಡಿಯ ಜನರೂ ಹಳೆಯ, ತಮಗೆ ಪರಿಚಯವಾದ ನಾಣ್ಯಗಳನ್ನೇ ಮೆಚ್ಚುತ್ತಿದ್ದರೆಂದು ಟ್ಯಾಸಿಟಸ್ ಬರೆದಿದ್ದಾನೆ. ಹಾಗಾದರೆ ಉತ್ತಮವಾದ ರೋಮನ್ ಬೆಳ್ಳಿಯನ್ನು ಆರಿಸಿ ಕೂಡಿಡುವ ಕೆಲಸ ಯೂರೋಪಿನ ಶ್ರೀಮಂತರು ಕಲಿಸಿದ ಹೊಸ ವಿದ್ಯೆಯಲ್ಲ. ಅದರ ಮೊದಲ ಪಂಡಿತರು ನಮ್ಮ ಸಂತೆಗಳಲ್ಲಿ ತಕ್ಕಡಿ ಹಿಡಿದು ಕುಳಿತಿದ್ದ ಚಿನಿವಾರರು.

ಇನ್ನು ಅಚ್ಚಿನ ಒಳ್ಳೆಯತನ. ರೋಮನ್ ನಾಣ್ಯಗಳು ಯಂತ್ರದಲ್ಲಿ ಆದುವಲ್ಲ. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು. ನಡುವೆ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆಯುವರು. ಏಟು ಓರೆಯಾದರೆ ಚಕ್ರವರ್ತಿಯ ಮೂಗು ಅಂಚಿನ ಹೊರಗೆ ಹೋಗುವುದು; ಅಚ್ಚು ಸವೆದಿದ್ದರೆ ಹೊಸ ನಾಣ್ಯವೂ ಹಳತಂತೆ ಕಾಣುವುದು. ಆದುದರಿಂದ ನೋಡಬೇಕಾದುವು ನಾಲ್ಕು: ಚಿತ್ರ ನಡುವೆ ಕೂತಿದೆಯೆ, ಏಟು ಪೂರ್ಣವಾಗಿ ಬಿದ್ದಿದೆಯೆ, ಕೈಯಿಂದ ಕೈಗೆ ಹೋಗಿ ಎಷ್ಟು ಸವೆದಿದೆ, ಮೈ ಹೇಗಿದೆ. ಸವೆತ ಮೊದಲು ತೋರುವುದು ಎತ್ತರವಾದ ಕಡೆಗಳಲ್ಲಿ, ಕೆನ್ನೆಯ ಉಬ್ಬಿನಲ್ಲಿ, ಕಿವಿಯ ಮೇಲಣ ಕೂದಲಿನಲ್ಲಿ. ಅಂಚಿನಲ್ಲಿಯೋ ಗೀರಿನಲ್ಲಿಯೋ ತಾಮ್ರದ ಕೆಂಪು ಇಣಿಕಿದರೆ, ಅದು ತಾಮ್ರದ ತಿರುಳಿಗೆ ಬೆಳ್ಳಿಯ ತಗಡು ಹೊದಿಸಿದ ಆ ಕಾಲದ ಖೋಟಾ ನಾಣ್ಯವಿರಬಹುದು.

ಖೋಟಾ ಮಾಡುವವರು ಹೊಸ ಕಾಲದಲ್ಲಿಯೂ ಹುಟ್ಟಿದರು. ೧೮೩೦ರಲ್ಲಿ ತೀರಿಕೊಂಡ ಕಾರ್ಲ್ ಬೆಕರ್ ಎಂಬ ಜರ್ಮನನು ತಾನೇ ಅಚ್ಚು ಕೆತ್ತಿ, ಪ್ರಾಚೀನ ನಾಣ್ಯಗಳನ್ನು ಹೊಸದಾಗಿ ಮಾಡುತ್ತಿದ್ದನು. ಅವಕ್ಕೆ ಹಳಮೆಯ ಕಳೆ ಬರಲೆಂದು ಜಿಡ್ಡು ಮತ್ತು ಕಬ್ಬಿಣದ ಅರದ ಪುಡಿ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಗಾಡಿಗೆ ಕಟ್ಟಿ ಊರೆಲ್ಲ ಸುತ್ತಿಸುತ್ತಿದ್ದನಂತೆ. ಅವನ ಕೈಗೆಲಸ ಎಷ್ಟು ನಯವಾಗಿತ್ತೆಂದರೆ ದೊಡ್ಡ ದೊಡ್ಡ ಸಂಗ್ರಹಗಳೇ ಮೋಸಹೋದುವು. ತೀರ ಸುಂದರವಾದ ನಾಣ್ಯವನ್ನು ಕಂಡಾಗ ಮನಸ್ಸು ಹಿಗ್ಗುವ ಮೊದಲು ಸ್ವಲ್ಪ ಹಿಂಜರಿಯುವುದು ಒಳ್ಳೆಯದು.

ಸುಂದರವಾಗಬೇಕೆಂದು ಉಜ್ಜುವುದಂತೂ ಸಲ್ಲದು. ಹುಣಿಸೆಹಣ್ಣು ಹಾಕಿ ಬೆಳ್ಳಿಯ ತಂಬಿಗೆಯನ್ನು ಬೆಳಗುವಂತೆ ನಾಣ್ಯವನ್ನು ಬೆಳಗಿದರೆ, ಶತಮಾನಗಳು ಅದರ ಮೈಗೆ ಹಚ್ಚಿದ ಬೂದುಗಪ್ಪು ಕಳೆಯೂ ಕೆತ್ತನೆಯ ಸೂಕ್ಷ್ಮವೂ ಒಟ್ಟಿಗೆ ಹೋಗುತ್ತವೆ. ನೆಲದಲ್ಲಿ ಬಹುಕಾಲ ಬಿದ್ದ ಬೆಳ್ಳಿ ಒಳಗೇ ಪೆಡಸಾಗಿರುತ್ತದೆ; ಬೆರಳು ಜಾರಿ ಬಿದ್ದರೆ ಗಾಜಿನಂತೆ ಒಡೆಯುವುದೂ ಉಂಟು.

ಮೂರನೆಯ ಒಳ್ಳೆಯತನವನ್ನು ನಾನು ಕಲಿತುದು ಪುಸ್ತಕದಿಂದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿಯೊಬ್ಬನು ಮನೆಯಿಂದ ಒಂದು ನಾಣ್ಯವನ್ನು ತಂದು ತೋರಿಸಿದನು. ಟೈಬೀರಿಯಸನ ದಿನಾರಿಯಸ್, ಮುಖ ನಿಚ್ಚಳವಾಗಿತ್ತು, ಅಕ್ಷರಗಳನ್ನು ಓದಬಹುದಾಗಿತ್ತು. ಹಬ್ಬಹಬ್ಬಕ್ಕೂ ಉಜ್ಜಿ ದೇವರ ಮುಂದೆ ಇಡುತ್ತಿದ್ದುದರಿಂದ ಅದು ನಿನ್ನೆ ಮಾಡಿದಂತೆ ಹೊಳೆಯುತ್ತಿತ್ತು. ಎಲ್ಲಿಯದೆಂದು ಕೇಳಿದೆನು. ಮುತ್ತಜ್ಜನ ಕಾಲದಲ್ಲಿ ಉಳುವಾಗ ಒಂದು ಗಡಿಗೆ ಸಿಕ್ಕಿತಂತೆ. ಮಿಕ್ಕುವನ್ನೆಲ್ಲ ಕರಗಿಸಿ ಹೆಣ್ಣುಮಕ್ಕಳಿಗೆ ಕಾಲಕಡಗ ಮಾಡಿಸಿದರಂತೆ. ಯಾವ ಹೊಲ? ಗಡಿಗೆಯಲ್ಲಿ ಎಷ್ಟಿದ್ದುವು? ಬೇರೆ ಮುಖಗಳು ಇದ್ದುವೆ? ಹೇಳಬಲ್ಲವರು ಯಾರೂ ಬದುಕಿರಲಿಲ್ಲ. ಬೆಲೆಗೆ ಹೋದರೆ ಆ ನಾಣ್ಯಕ್ಕೆ ಒಳ್ಳೆಯ ಹಣ ಬರುತ್ತಿತ್ತು. ಆದರೆ ಆ ಸೀಮೆಗೆ ಯಾವ ದಾರಿಯಿಂದ, ಯಾವ ಸರಕಿಗೆ ಬದಲಾಗಿ, ಯಾವಾಗ ಬಂದಿತೆಂಬುದನ್ನು ಅದು ಇನ್ನು ಹೇಳಲಾರದು. ಸಾಕ್ಷಿ ಇದೆ, ಸಾಕ್ಷ್ಯವಿಲ್ಲ.

ನೀರೋವಿಗಿಂತ ಹಿಂದಿನ ಬೆಳ್ಳಿಯನ್ನು ನಮ್ಮವರು ಬಯಸಿದರೆಂಬ ಮಾತನ್ನು ಆಗಲೇ ಹೇಳಿದೆನಷ್ಟೆ. ಅದನ್ನು ಒಂದು ನಾಣ್ಯದಿಂದ ಯಾರೂ ಕಂಡುಹಿಡಿಯಲಿಲ್ಲ. ಇಡೀ ಗಡಿಗೆಗಳು ಚೆದರದೆ ಉಳಿದು, ಇಷ್ಟು ಆಗಸ್ಟಸನವು, ಇಷ್ಟು ಟೈಬೀರಿಯಸನವು ಎಂದು ಯಾರೋ ತಾಳ್ಮೆಯಿಂದ ಎಣಿಸಿ ಬರೆದಿಟ್ಟುದರಿಂದ ತಿಳಿಯಿತು. ಸವೆದ ನಾಣ್ಯವೂ ಆ ಲೆಕ್ಕದಲ್ಲಿ ಒಂದೇ, ನಿಚ್ಚಳವಾದುದೂ ಒಂದೇ. ಚಂದವಾದುವನ್ನು ಆರಿಸಿಕೊಂಡು ಉಳಿದುವನ್ನು ಚೆಲ್ಲಿದ್ದರೆ ಆ ಮಾತು ಎಂದಿಗೂ ಹೊರಬೀಳುತ್ತಿರಲಿಲ್ಲ. ಗಾಯವಾದ ನಾಣ್ಯದ ವಿಷಯವೂ ಹೀಗೆಯೇ. ತಮಿಳುನಾಡಿನ ಪುದುಕ್ಕೋಟೆಯ ಸೀಮೆಯಲ್ಲಿ ೧೮೯೮ರಲ್ಲಿ ಸಿಕ್ಕಿದ ೫೦೧ ರೋಮನ್ ಚಿನ್ನದ ನಾಣ್ಯಗಳಲ್ಲಿ ಬಹುಪಾಲಿನ ಮೇಲೆ ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ ಉಳಿಯಿಂದ ಕಡಿದ ಗುರುತಿದೆ. ಬೆಲೆ ಕಟ್ಟುವವನಿಗೆ ಅದು ಕುಂದು. ಚರಿತ್ರಕಾರನಿಗೆ, ಪರದೇಶದ ಪ್ರಭುವಿನ ಮುದ್ರೆ ಈ ನೆಲದಲ್ಲಿ ಸಲ್ಲದೆಂದು ಯಾರೋ ಬುದ್ಧಿಪೂರ್ವಕವಾಗಿ ಹಾಕಿದ ಸಹಿಯಿರಬಹುದು.

ಆದಕಾರಣ ಸಂಗ್ರಹಕಾರರಲ್ಲಿ ನನ್ನ ಬಿನ್ನಹ ಇಷ್ಟೆ. ನಾಣ್ಯ ಕೊಳ್ಳುವಾಗ ಎಲ್ಲಿಯದು, ಯಾರ ಕೈಯಿಂದ ಬಂತು ಎಂದು ಕೇಳಿರಿ. ಉತ್ತರವನ್ನು ಚೀಟಿಯಲ್ಲಿ ಬರೆದು ನಾಣ್ಯದ ಜೊತೆಗೇ ಇಡಿರಿ. ಉತ್ತರ ಹೇಳಲಾರದವನಿಂದ ಕೊಳ್ಳಬೇಡಿರಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಗಡಿಗೆ ದೊರೆತರೆ ಅದನ್ನು ತೊಳೆಯದೆ, ಹಂಚಿಕೊಳ್ಳದೆ, ಸರ್ಕಾರದವರಿಗೆ ತಿಳಿಸಿರಿ. ೧೮೭೮ರ ನಿಧಿ ಕಾನೂನು ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕಿದವರು ಕಲೆಕ್ಟರಿಗೆ ತಿಳಿಸತಕ್ಕದ್ದೆಂದು ವಿಧಿಸಿತು. ೧೯೭೨ರ ಕಾನೂನಿನಂತೆ ನೂರು ವರ್ಷಕ್ಕೆ ಮೇಲ್ಪಟ್ಟ ನಾಣ್ಯ ಪ್ರಾಚೀನ ವಸ್ತುವೆನಿಸಿ, ಅದನ್ನು ಖಾಸಗಿಯವರು ದೇಶದ ಹೊರಕ್ಕೆ ಸಾಗಿಸಕೂಡದು. ಆದರೆ ಕಾನೂನಿನ ಭಯಕ್ಕಿಂತ ಮನೆಯ ಹಿರಿಯರು ಹೇಳುವ ಒಂದು ಮಾತು, ಶಾಲೆಯ ಉಪಾಧ್ಯಾಯರು ಹೇಳುವ ಒಂದು ಮಾತು, ಹೆಚ್ಚು ಗಡಿಗೆಗಳನ್ನು ಉಳಿಸೀತು.

ಆ ವಿದ್ಯಾರ್ಥಿಯ ನಾಣ್ಯ ಈಗಲೂ ಅವರ ಮನೆಯಲ್ಲಿದೆ. ಹಬ್ಬಕ್ಕೆ ಉಜ್ಜುವುದನ್ನು ಬಿಟ್ಟಿದ್ದಾರೆ. ಅದರ ಕೆಳಗೆ ಒಂದು ಚೀಟಿಯನ್ನಿಟ್ಟು, ಊರಿನ ಹೆಸರನ್ನೂ ಮುತ್ತಜ್ಜನ ಹೆಸರನ್ನೂ ಬರೆದಿದ್ದಾರೆ. ಹೊಲದ ಹೆಸರಿಗೆಂದು ಬಿಟ್ಟ ಜಾಗ ಖಾಲಿಯಾಗಿಯೇ ಇದೆ.